ಬಿಗಿಯಮ್ಮನ ಗೇಣು

ನಮ್ಮತ್ತೆಯನ್ನು ಸಡಿಲಮ್ಮ ಎಂದು ಕರೆಯುವ ಹಕ್ಕು ಈ ಲೋಕದಲ್ಲಿ ಒಬ್ಬರಿಗೆ ಮಾತ್ರ ಇತ್ತು. ನಾನೇನಾದರೂ ಹಾಗೆ ಕರೆದಿದ್ದರೆ ಅವತ್ತೇ ತವರಿನ ದಾರಿ ಹಿಡಿಯಬೇಕಾಗುತ್ತಿತ್ತು.

ಮದುವೆಗೆ ಮುಂಚೆ ಅತ್ತೆ ಒಂದು ಸ್ವೆಟರ್ ಕಾರ್ಖಾನೆಯಲ್ಲಿ ಹೆಣೆಯುವ ಕೆಲಸ ಮಾಡುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಅವರದೇ ವಯಸ್ಸಿನ ಇನ್ನೊಬ್ಬ ಹುಡುಗಿ. ಅತ್ತೆಯ ಕೈ ಸಡಿಲ. ಅವರು ಹೆಣೆದ ಸ್ವೆಟರಿನೊಳಗೆ ಗಂಡ ಹೆಂಡತಿ ಇಬ್ಬರೂ ಸಂಸಾರ ಹೂಡಬಹುದಿತ್ತು. ಪಕ್ಕದವಳ ಕೈ ವಿಪರೀತ ಬಿಗಿ. ಅವಳ ಸ್ವೆಟರಿಗೆ ತಲೆ ತೂರಿಸಿದವರು ಕಿವಿಯ ಆಸೆ ಬಿಡಬೇಕಿತ್ತು. ರೋಸಿಹೋದ ಮೇಸ್ತ್ರಿ ಒಬ್ಬಳಿಗೆ ಸಡಿಲಮ್ಮ, ಇನ್ನೊಬ್ಬಳಿಗೆ ಬಿಗಿಯಮ್ಮ ಎಂದು ಹೆಸರಿಟ್ಟ. ಕಾರ್ಖಾನೆ ಮುಚ್ಚಿತು, ಮೇಸ್ತ್ರಿ ಎಲ್ಲಿಗೆ ಹೋದನೋ ಗೊತ್ತಿಲ್ಲ, ಹೆಸರು ಮಾತ್ರ ಅಂಟಿಕೊಂಡಿತು.

ಬಿಗಿಯಮ್ಮ ಮದುವೆಯಾಗಿ ಸಮುದ್ರ ದಾಟಿ ಹೋದರು. ಹೋಗುವ ಮುಂಚೆ ಇಬ್ಬರೂ ಸೇರಿ ಒಂದು ಉಲ್ಲನ್ ಹೊದಿಕೆ ಶುರು ಮಾಡಿದ್ದರು. ಒಬ್ಬರು ಒಂದು ಗೇಣು ಹೆಣೆದು, ಹೆಣಿಗೆಯ ಕಡ್ಡಿ ಸಮೇತ ಪಾರ್ಸೆಲ್ ಮಾಡುವುದು. ಇನ್ನೊಬ್ಬರು ಅಲ್ಲಿಂದಲೇ ಮುಂದಿನ ಗೇಣು ಹೆಣೆದು ವಾಪಸು ಕಳಿಸುವುದು. ಮುಗಿಸುವ ಮಾತೇ ಇಲ್ಲ. ಇಬ್ಬರಲ್ಲಿ ಕೊನೆಗೆ ಯಾರು ಉಳಿಯುತ್ತಾರೋ ಹೊದಿಕೆ ಅವರದ್ದು ಎಂದು ಒಪ್ಪಂದ. "ಗೆಲ್ಲೋಳು ನಾನೇ, ಬರೆದಿಟ್ಕೋ" ಎಂದು ಇಬ್ಬರೂ ಫೋನಿನಲ್ಲಿ ಕಿತ್ತಾಡುತ್ತಿದ್ದರು. ಅತ್ತೆಯ ಗೇಣು ಅಗಲ, ಬಿಗಿಯಮ್ಮನ ಗೇಣು ಕಿರಿದು, ಹೀಗಾಗಿ ಹಾಸಿದರೆ ಹೊದಿಕೆ ಉಬ್ಬುತ್ತ ತಗ್ಗುತ್ತ ಹೋಗುತ್ತಿತ್ತು. ನನ್ನ ಗಂಡ ಅದಕ್ಕೆ ಹೆಬ್ಬಾವು ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಫೋನಿಗೆ ಒಲೆಯ ಪಕ್ಕದಲ್ಲೇ ಜಾಗ. ಅಲ್ಲಿ ಅವರೂ ಇಲ್ಲಿ ಇವರೂ ಒಂದೇ ಅಡುಗೆಗೆ ಕೈ ಹಾಕುತ್ತಿದ್ದರು. ಈರುಳ್ಳಿ ಎಣ್ಣೆಗೆ ಬಿದ್ದ ಸದ್ದು ಕೇಳಿಯೇ ಬಿಗಿಯಮ್ಮ ಅಲ್ಲಿಂದ ಕೂಗುತ್ತಿದ್ದರು: "ಉರಿ ಇಳಿಸೇ ಸಡಿಲೀ, ಸೀದುಹೋಗುತ್ತೆ!" ನಾನು ಪಕ್ಕದಲ್ಲೇ ನಿಂತು ಅದನ್ನೇ ಹೇಳಿದ್ದರೆ ನನ್ನ ಏಳು ತಲೆಮಾರಿಗೂ ಮಂಗಳಾರತಿ ಆಗುತ್ತಿತ್ತು. ಮಾವನವರು ಇದ್ದಾಗ, "ಇವಳು ಇಡೀ ವರ್ಷ ನನ್ನ ಹತ್ತಿರ ಆಡೋ ಮಾತು ಅವಳ ಒಂದು ಭಾನುವಾರಕ್ಕೆ ಸಾಲಲ್ಲ" ಎಂದು ಗೊಣಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಆ ಭಾನುವಾರಗಳು ನಿಂತವು. ಫೋನು ಮಾಡಿದರೆ ಬಿಗಿಯಮ್ಮನ ಮಗಳು ಎತ್ತುತ್ತಿದ್ದಳು. ಅಮ್ಮನಿಗೆ ಗಂಟಲು ಸರಿಯಿಲ್ಲ, ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ ಎನ್ನುತ್ತಿದ್ದಳು. "ಅವಳ ಬಾಯಿ ಕಟ್ಟೋ ಡಾಕ್ಟರೂ ಇದ್ದಾನಲ್ಲ!" ಎಂದು ಅತ್ತೆ ನಕ್ಕು, ತಮ್ಮ ಗೇಣು ಮುಗಿಸಿ ಕಳಿಸಿದರು. ಮಾತಿಲ್ಲದಿದ್ದರೇನು, ಹೊದಿಕೆ ಬರುತ್ತದಲ್ಲ ಎಂಬ ಧೈರ್ಯ.

ಹೊದಿಕೆ ಬಂತು. ಅತ್ತೆ ಮಂಚದ ಮೇಲೆ ಹರಡಿ, ಹೊಸ ಗೇಣಿನ ನಡುವೆ ಅಂಗೈ ಇಟ್ಟವರು ಹಾಗೇ ನಿಂತುಬಿಟ್ಟರು.

"ಇದು ಅವಳ ಕೈಯಲ್ಲ."

ಹೆಣಿಗೆಯ ಗಂಧಗಾಳಿ ಇಲ್ಲದ ನನಗೂ ಅದು ಕಾಣುತ್ತಿತ್ತು. ಕಿರಿದಾಗಬೇಕಿದ್ದ ಜಾಗದಲ್ಲಿ ಹೊದಿಕೆ ಕಿರಿದಾಗಿರಲಿಲ್ಲ. ವಯಸ್ಸಾಯ್ತು, ಬೆರಳಲ್ಲಿ ಶಕ್ತಿ ಇರಲ್ಲ ಅತ್ತೆ, ಎಂದೆ. "ಬಿಗಿ ಕೈ ಸೋತರೆ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ಇದು ಯಾರೋ ಬೇರೆಯವರದ್ದು" ಎಂದು ನನ್ನ ಮೇಲೆ ಹರಿಹಾಯ್ದರು.

ಅವತ್ತಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅತ್ತೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡುತ್ತಿದ್ದರು. ಅಮ್ಮ ಮಲಗಿದ್ದಾರೆ, ಅಮ್ಮ ಸ್ನಾನಕ್ಕೆ ಹೋಗಿದ್ದಾರೆ. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಕಿಟಕಿ ನೋಡುತ್ತ ನಿಂತು, ಹಾಲೆಲ್ಲ ಉಕ್ಕಿ ಒಲೆ ಆರಿದರೂ ಅವರಿಗೆ ತಿಳಿಯುತ್ತಿರಲಿಲ್ಲ. "ನನಗೆ ಒಂದು ಮಾತು ಹೇಳದೆ ಅವಳನ್ನ ಕಳಿಸಿಕೊಟ್ಟುಬಿಟ್ರೇನೇ?" ಎಂದು ನನ್ನ ಸೆರಗು ಹಿಡಿದು ಕೇಳಿದರು. ನನಗೆ ಏನು ಗೊತ್ತು? ನಾನೇ ಫೋನು ಮಾಡಿ ದಬಾಯಿಸಿದೆ. ಆ ಹುಡುಗಿ ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟಳು. ಅತ್ತೆಗೆ ಮಾತ್ರ ಲೈನ್ ಸಿಗಲಿಲ್ಲ ಎಂದೆ.

ಒಂದು ಸಂಜೆ ಅತ್ತೆ ಹೊದಿಕೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅಂಚು ಸವರುತ್ತಿದ್ದರು. ಇದ್ದಕ್ಕಿದ್ದಂತೆ ಚೀರಿದರು. ನಾನು ಸೌಟು ಹಿಡಿದೇ ಓಡಿದೆ.

"ನೋಡೇ, ಇಲ್ಲಿ ಮುಟ್ಟು!"

ಮುಟ್ಟಿದೆ. ಹೊಸ ಗೇಣು ಶುರುವಾಗುವ ಕಡೆ, ಅಂಚಿನಲ್ಲಿ ಪ್ರತಿ ಸಾಲಿನ ಮೊದಲ ಕುಣಿಕೆ ಸಾಸಿವೆ ಕಾಳಿನಂತೆ ಗಟ್ಟಿಯಾಗಿತ್ತು. ಅದರ ಪಕ್ಕದ್ದೆಲ್ಲ ಮೆತ್ತಗೆ.

"ಮೊದಲನೇದನ್ನ ಹೀಗೆ ಜಗ್ಗೋಳು ಅವಳೊಬ್ಬಳೇ. ಸಾಲಿಗೆ ಒಂದಾದ್ರೂ ಹಾಕಿದಾಳೆ. ಇದಾಳೆ ಕಣೇ, ಮುದುಕಿ ಇದಾಳೆ!"

ಅಂಚನ್ನು ಪೂರ್ತಿ ನೋಡುವ ವ್ಯವಧಾನವೂ ಅವರಿಗಿರಲಿಲ್ಲ. ಹೊದಿಕೆಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ನುಗ್ಗಿದರು. ನನ್ನ ಕೈಯಿಂದ ಸೌಟು ಕಿತ್ತುಕೊಂಡು, ಆಲೂಗಡ್ಡೆ ಹುರಿದು, ಉರಿ ಇಳಿಸೇ ಸಡಿಲೀ ಎಂದು ತಮಗೆ ತಾವೇ ಗದರಿಕೊಂಡು, ಎರಡು ಸಲ ಬಡಿಸಿಕೊಂಡು ಉಂಡರು. ಮನೆಮಂದಿಯೆಲ್ಲ ಸುಮ್ಮಸುಮ್ಮನೆ ನಕ್ಕೆವು. ನನಗೂ ಹೋದ ಜೀವ ಬಂದಂತಾಗಿತ್ತು.

ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಗೇಣು ಶುರು ಮಾಡಲು ಕೂತರು. ಕಡ್ಡಿಯನ್ನು ಬಲಗೈಗೆ ತೆಗೆದುಕೊಂಡರು. ಎಡಗೈ ಅಭ್ಯಾಸದಂತೆ ಅಂಚಿನ ಮೇಲೆ ಹೋಯಿತು, ಮೇಲೆ ಸರಿಯಿತು, ನಿಂತಿತು. ಕೆಳಗೆ ಬಂದು ಮತ್ತೆ ಮೇಲೆ ಸರಿಯಿತು. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ, ಕೊಡಲು ಧೈರ್ಯ ಬರಲಿಲ್ಲ. ಕಡ್ಡಿಯ ಕೆಳಗೆ ನಾಲ್ಕು ಬೆರಳಷ್ಟು ಜಾಗದಲ್ಲಿ ಅಂಚು ಎರಡೂ ಕಡೆ ಮೆತ್ತಗಿತ್ತು.

ಅತ್ತೆ ಅಳಲಿಲ್ಲ. ಫೋನು ಹಚ್ಚಿಕೊಡು ಎಂದರು. ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅಮ್ಮ ಮಲಗಿದ್ದಾರೆ ದೊಡ್ಡಮ್ಮ..." ಎಂದು ಆ ಹುಡುಗಿ ಶುರು ಮಾಡಿದಳು.

"ಸಾಕು ಮಗಳೇ. ಕೊನೆಯ ನಾಲ್ಕು ಬೆರಳಲ್ಲಿ ಅವಳಿಲ್ಲ."

ಆ ಕಡೆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ಕೈ ಏಳ್ತಾನೇ ಇರ್ಲಿಲ್ಲ ದೊಡ್ಡಮ್ಮ. ಮೊದಲನೇದು ನಾನು ಹಾಕ್ತೀನಿ, ಉಳಿದದ್ದು ನೀನು ಹಾಕು ಅಂತಿದ್ರು. ಆಮೇಲೆ ಅದೂ ಆಗ್ಲಿಲ್ಲ. ಗೇಣು ಕಡಿಮೆ ಕಳಿಸಬೇಡ, ಸಡಿಲಿ ಹೆದರಿಕೊಳ್ತಾಳೆ ಅಂದ್ರು. ಅವರು ಹೋದ ಮೇಲೆ ನಾನೇ ಕೂತು ತುಂಬಿಸ್ದೆ. ಹೇಳೋಕೆ ಬಾಯಿ ಬರ್ಲಿಲ್ಲ. ಹೊದಿಕೆ ನಿಮ್ಮದು ದೊಡ್ಡಮ್ಮ. ನೀವೇ ಗೆದ್ರಿ."

"ಯಾರಿಗೆ ಬೇಕು!" ಅತ್ತೆಯ ದನಿ ಒಡೆಯಿತು. "ಬೆಂಕಿ ಬೀಳಲಿ ಈ ಗೆಲುವಿಗೆ. ಕೇಳಿಲ್ಲಿ, ನನ್ನ ಗೇಣು ಹಾಕಿ ಕಳಿಸ್ತೀನಿ, ಮುಂದಿನದು ನಿಂದು. ನಿನ್ನ ಕೈ ನನಗಿಂತ ಸಡಿಲ. ದಾರಾನ ಕಿರುಬೆರಳಿಗೆ ಎರಡು ಸುತ್ತು ಸುತ್ಕೊಂಡು ಹೆಣಿ."

"ಬೆರಳು ಕೊಯ್ಯಲ್ವಾ ದೊಡ್ಡಮ್ಮ?"

"ಕೊಯ್ಯುತ್ತೆ. ನಿಮ್ಮಮ್ಮನಿಗೂ ಕೊಯ್ತಿತ್ತು."

ಫೋನಿಟ್ಟ ಮೇಲೆ ಕಡ್ಡಿ ಎತ್ತಿಕೊಂಡರು. ಬಹಳ ಹೊತ್ತು ಹೆಣಗಿ ಒಂದು ಕುಣಿಕೆ ದಾಟಿಸಿದರು. ಮುಂದಿನದು ದಾಟಲಿಲ್ಲ. ಕಡ್ಡಿಗಳನ್ನು ನನ್ನ ಕಡೆ ಚಾಚಿದರು. ಅವರ ಮುಖ ಒಂದೇ ಬೆಳಿಗ್ಗೆಗೆ ಇಳಿದುಹೋಗಿತ್ತು.

"ಮೊದಲನೇದು ನಾನು ಹಾಕಿದೀನಿ. ಉಳಿದದ್ದು ನೀನು ಹಾಕು."

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಎಲ್ಲಾನೂ ನೀವೇ ಹಾಕಿ ಅತ್ತೆ" ಎಂದೆ. ನಾನು ಕಿರುಚುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿತ್ತು. "ವರ್ಷ ಹಿಡಿದರೂ ಸರಿ, ನೀವೇ ಹಾಕಿ. ಒಂದೇ ಒಂದು ಕುಣಿಕೆಯನ್ನೂ ನಾನು ಹಾಕಲ್ಲ!"