ತಡಿಕೆ ಕಟ್ಟುವ ಗುಲ್ಜಾರ್ ಬೀ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೇ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಚಾರಣದ ಕ್ಲಬ್ಬುಗಳು ಒಂದಾಗಿ ಭಾನುವಾರ ಯಾರು ಬಂದರೂ ಬೆಟ್ಟ ಹತ್ತಿಸುತ್ತವೆ. ದಾರಿ ಇರುವುದು ರೇವಮ್ಮನವರ ಹಿಪ್ಪುನೇರಳೆ ತೋಟದೊಳಗೆ. ಕೊನೆಗೆ ಬಂದವರು ತಡಿಕೆ ಬಾಗಿಲು ಕಟ್ಟಿಯೇ ಹೋಗಬೇಕು, ದನ ನುಗ್ಗಿದರೆ ದಾರಿ ಬಂದ್ ಎಂಬುದು ಅವರ ಷರತ್ತು. ಆ ಕೊನೆಯವರೇ ರೇಷ್ಮೆ ನೂಲು ತೆಗೆಯುವ ಗುಲ್ಜಾರ್ ಬೀ. ಗಂಟಿನ ಮೇಲೆ ಗಂಟು ಹಾಕಿ, ಒಂದಷ್ಟು ದೂರ ಹೋಗಿ, ವಾಪಸ್ ಬಂದು ಹಗ್ಗ ಎಳೆದು ನೋಡುತ್ತಾರೆ. ಎದುರಾದ ಹಸುವಿಗೂ "ಬಾಗ್ಲು ಹಾಕೈತೆ, ಹೋಗವ್ವ" ಎನ್ನುತ್ತಾರೆ. "ಬೀ, ನೀವು ಬರೋಷ್ಟೊತ್ಗೆ ಬೆಟ್ಟವೇ ಇಳ್ದು ಬತ್ತೈತೆ!" ಎಂದು ಮುಂದಾಳು ರುದ್ರಪ್ರಸಾದ್ ಮೇಲಿಂದ ಕೂಗಿದರೆ, "ಬರ್ಲಿ ಬುಡಪ್ಪ, ಹತ್ತೋ ಕೆಲ್ಸ ತಪ್ತದೆ" ಎಂದು ನಗುತ್ತಾರೆ. ಅರ್ಧ ದಾರಿಯಲ್ಲಿ ಯಾರಾದರೂ ಏದುಸಿರು ಬಿಡುತ್ತ ಕೂತರೆ ತಾವೂ ಪಕ್ಕದಲ್ಲಿ ಕೂತು, "ನಂಗೂ ಮಂಡಿ ನೋವು ಕಣವ್ವ" ಎಂದು ಕಡಲೆಕಾಯಿ ಕೊಡುತ್ತಾರೆ. ಹಾಗೆ ಕೂರುವವಳು ಹೆಚ್ಚಾಗಿ ನಾನೇ. ಕಳೆದ ವಾರ ಧೈರ್ಯ ಮಾಡಿ, ತುದಿಯಿಂದ ಏನು ಕಾಣುತ್ತದೆ ಎಂದು ಕೇಳಿದೆ. "ನಮ್ಮನೇಲಿ ರೇಷ್ಮೆಗೂಡು ಬೇಯ್ಸೋ ಹೊಗೆ ಕಾಣ್ತದಂತೆ. ನಾನೆಲ್ಲವ್ವ ನೋಡಿವ್ನಿ? ವಾರವಾರವೂ ಒಬ್ರಾದ್ರೂ ಕೂತ್ಕೊಂಡ್ಬುಡ್ತೀರಲ್ಲ!" ಎಂದು ನಕ್ಕರು. ಮಂಡಿ ನೋವೆಂದವರು ಅವತ್ತು ಇಳಿಯುವಾಗ ಮೇಕೆಮರಿಯಂತೆ ಬಂಡೆಯಿಂದ ಬಂಡೆಗೆ ಹಾರಿದರು. ಬರುವ ಭಾನುವಾರ ಅವರನ್ನು ಮುಂದೆ ಕಳಿಸಿ, ತಡಿಕೆಗೆ ಹಗ್ಗ ನಾನು ಕಟ್ಟುತ್ತೇನೆ, ಕೂತವರ ಪಕ್ಕದಲ್ಲಿ ನಾನು ಕೂರುತ್ತೇನೆ.