ಬೇಬಾಕಿ ಕಾಗದ

ದುಬೈ ದವಾಖಾನಿಯೊಳಗ ನರ್ಸ್ ಕೆಲಸ ಸಿಕ್ಕಿತ್ತು. ಹೋಗೂಮುಂದ ಸ್ಕೂಟಿ ಸಾಲ ಪೂರಾ ಕಟ್ಟಿ, ಸಾಲ ತೀರೇತಿ ಅಂತ ಬರಕೊಡೂ ಬೇಬಾಕಿ ಕಾಗದ ತಗೊಳಾಕ ಶಹಾಪುರದ ಫೈನಾನ್ಸ್ ಆಫೀಸಿಗೆ ಹೋದೆ. ರೊಕ್ಕ ಎಣಿಸಿಕೊಂಡ ಮ್ಯಾನೇಜರ್, "ಕಾಗದಕ್ಕ ನಿಮ್ಮ ಯಜಮಾನ್ರು ಬರಬೇಕ್ರಿ" ಅಂದ.

ಮೈ ಉರೀತು. "ಸಾಲ ನಂದು, ಸಹಿ ನಂದು. ಕಂತು ತಡ ಆದಾಗ ಫೋನ್ ಹಚ್ಚಿ ಬೈದದ್ದು ನನಗ. ಆವಾಗ ಯಜಮಾನ್ರು ನೆನಪಾಗಲಿಲ್ಲೇನ್ರಿ?"

"ಹಂಗಲ್ರಿ ಅಕ್ಕಾರ, ಪರದೇಶಕ್ಕ ಹೊಂಟೀರಿ. ತಿರುಗಿ ಬರ್ತೀರೋ ಇಲ್ಲೋ..."

"ಸಾಲ ತೀರಿದ ಮ್ಯಾಲ ನಾ ಬಂದ್ರೇನು, ಬಿಟ್ರೇನು? ಕಾಗದ ಕೊಡೂತನಕ ಏಳಂಗಿಲ್ಲ" ಅಂತ ಅವನ ಎದುರಿಗೇ ಕುರ್ಚಿ ಎಳಕೊಂಡು ಕುಂತೆ. ಸಂಜಿಗೆ ಕೊಟ್ಟ.

ಎಲ್ಲಿಂದ ಏಳೂಮುಂದೂ "ಬರ್ತೀನ್ರಿ" ಅನ್ನಬೇಕು, "ಹೋಗ್ತೀನಿ" ಅನ್ನಬಾರದು ಅಂತ ಅವ್ವ ಕಲಿಸ್ಯಾಳ. ಅವತ್ತು ಬಾಗಿಲದಾಗ ನಿಂತು, ಇಡೀ ಆಫೀಸಿಗೆ ಕೇಳೂಹಂಗ ಅಂದೆ: "ಹೋಗ್ತೀನ್ರಿ!"