ನಿಮ್ಮಜ್ಜ ತಂತಿ ಕತ್ತರಿಸಿದ ರೇಡಿಯೊ

ಅಟ್ಟದ ಮೇಲಿರುವ ಆ ಕರಿ ಪೆಟ್ಟಿಗೆ ಏನು ಅಂತ ನೀವು ಕೇಳುತ್ತಲೇ ಇರುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಮಂದಿ ಕೂತಲ್ಲಿ ನನ್ನ ದನಿ ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಊರ ಕನ್ನಡ ಸಾಲಿಯಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಅದು ಮಾತಾಡುವ ರೇಡಿಯೊ. ಗುಂಡಿ ಒತ್ತಿ ಹಿಡಿದರೆ ನಮ್ಮ ಮಾತು ಆ ಕಡೆ ಹೋಗುತ್ತದೆ, ಬಿಟ್ಟರೆ ಅವರ ಮಾತು ಈ ಕಡೆ ಬರುತ್ತದೆ. ನಿಮ್ಮಜ್ಜ ಮುಧೋಳದಲ್ಲಿ ಕಬ್ಬಿನ ಲಾರಿ ರಿಪೇರಿ ಮಾಡುವ ಗ್ಯಾರೇಜಿನಲ್ಲಿದ್ದಾಗ, ಗುಜರಿಗೆ ಬಂದ ಲಾರಿಗಳಿಂದ ಇಂಥವು ಎರಡು ಬಿಚ್ಚಿ ತಂದರು. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಅವರ ಅಣ್ಣ, ಅಂದರೆ ನಿಮ್ಮ ದೊಡ್ಡಜ್ಜನ ಹತ್ತಿರ. ದೊಡ್ಡಜ್ಜ ಕುರಿ ಹೊಡೆದುಕೊಂಡು ಬೀಳಗಿ ಗುಡ್ಡದ ಕಡೆ ತಿರುಗುವವರು. ಅಲ್ಲಿ ಮೊಬೈಲ್ ಹತ್ತುತ್ತಿರಲಿಲ್ಲ. ಪೆಟ್ಟಿಗೆಯನ್ನೂ ಅದರ ಬ್ಯಾಟರಿಯನ್ನೂ ಕುದುರೆಯ ಮೇಲೆ ಹೇರಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನ ಕುರಿ ನೀರಿಗೆ ಬಂದ ಹೊತ್ತಿಗೆ ಅಣ್ಣ ತಮ್ಮ ಮಾತಾಡುವರು.

ಒಂದು ರವಿವಾರ ನಿಮ್ಮಜ್ಜ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ಬಿಚ್ಚಿದರು.

"ಛಲೋ ಮಾತಾಡೂದನ್ನ ಯಾಕ ಬಿಚ್ಚಾಕತ್ತೀರಿ?" ಅಂದೆ.

"ಇದರಾಗ ನಲವತ್ತ ಚಾನಲ್ ಅದಾವು. ನಲವತ್ತರಾಗೂ ಲಾರಿಯವರು ಕುಂತಾರ. ಒಬ್ಬಾಂವ ಚಹಾ ಕೇಳತಾನ, ಒಬ್ಬಾಂವ ಮಾಲಕನ್ನ ಬೈತಾನ. ಈ ತಂತಿ ಕತ್ತರಿಸಿದ್ರ ಮ್ಯಾಲಿನ ಚಾನಲ್ ತೆರೀತಾವು. ಅಲ್ಲಿ ಯಾರೂ ಇರೂದಿಲ್ಲ."

"ಸರಕಾರದವರು ಒಪ್ಪತಾರೇನ್ರಿ?"

"ನಲವತ್ತಕ್ಕ ಒಪ್ಪ್ಯಾರ."

"ಮ್ಯಾಲಿನವಕ್ಕ?"

"ನೀ ರೊಟ್ಟಿ ಬಡಿ ಹೋಗಬೇ."

ಉಗುರಿನಷ್ಟು ಉದ್ದದ ತಂತಿಯದು. ನಡುವೆ ಕತ್ತರಿಸಿ, ಎರಡೂ ತುದಿಗೆ ಒಂದು ಸಣ್ಣ ಸ್ವಿಚ್ಚು ಬೆಸೆದು, ಪೆಟ್ಟಿಗೆಯ ಹಿಂದೆ ತೂತು ಕೊರೆದು ಕೂರಿಸಿದರು. ಸ್ವಿಚ್ಚು ಮೇಲಿದ್ದರೆ ಎಲ್ಲರ ಚಾನಲ್, ಕೆಳಗೆ ಮಾಡಿದರೆ ಯಾರಿಗೂ ಇಲ್ಲದ ಚಾನಲ್. ಆಮೇಲೆ ಮಾಳಿಗೆ ಹತ್ತಿ ಏರಿಯಲ್ ಕಡ್ಡಿಯನ್ನು ಇಷ್ಟಿಷ್ಟೇ ಕತ್ತರಿಸಿದರು. ಹೊಸ ಚಾನಲ್ಲಿಗೆ ಕಡ್ಡಿ ಗಿಡ್ಡ ಬೇಕಂತೆ, ಇಲ್ಲದಿದ್ದರೆ ಪೆಟ್ಟಿಗೆ ಬಿಸಿಯಾಗಿ ಕೆಡುತ್ತದಂತೆ. ಕುರಿ ಊರ ಮೇಲೆ ಹಾದು ಹೋಗುವಾಗ ಅಣ್ಣನ ಪೆಟ್ಟಿಗೆಗೂ ಹಾಗೇ ಮಾಡಿ ಕಳಿಸಿದರು.

ನನ್ನ ಸಂಶಯ ಶುರುವಾದದ್ದು ಅಲ್ಲಿಂದ. ಅಣ್ಣನ ಕೂಡ ಮಾತಾಡಲು ಯಾರೂ ಇಲ್ಲದ ಜಾಗ ಯಾಕೆ ಬೇಕು? ಈಗ ಬಾಗಿಲು ಮುಚ್ಚಿ ಮಾತಾಡುತ್ತಿದ್ದರು. ಕಿವಿಗೆ ವಾಯರು ಸಿಕ್ಕಿಸಿಕೊಂಡು, ಗುಂಡಿ ಹಿಡಿದು, ತುಟಿ ಹತ್ತಿರ ತಂದು ಪಿಸುಗುಡುವುದು. ನಾನು ನೀರು ಕೊಡಲು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ರಸ್ತೆಯಲ್ಲಿ ಜೀಪು ಸದ್ದಾದರೆ ಪೊಲೀಸರೇ ಬಂದರು ಅಂತ ಕಿಟಕಿಗೆ ಓಡುತ್ತಿದ್ದೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಅದನ್ನು ಹೆಂಗಸರಾದವರು ಬರೆಯದೆಯೂ ತಿಳಿದಾರು.

ಬಾಗಿಲು ಮುಚ್ಚಿದ್ದು ಯಾಕೆ ಅಂತ ಆಮೇಲೆ ತಿಳಿಯಿತು. ನಿಮ್ಮಜ್ಜ ಬೀರಪ್ಪನ ಗುಡಿಯ ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಹಾಡುವವರು. ಡೊಳ್ಳಿನ ಪದದಲ್ಲಿ ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಎದುರಿನ ಮೇಳ ಹಾಡಿನಲ್ಲೇ ಜವಾಬು ಕೊಡಬೇಕು. ಹೊಸ ಸವಾಲನ್ನು ಹಾಡುವ ದಿನದ ತನಕ ಮನೆಯ ಹೆಂಗಸರಿಗೂ ಹೇಳುವುದಿಲ್ಲ. ಆ ಸವಾಲು ಕಟ್ಟುತ್ತಿದ್ದವರು ದೊಡ್ಡಜ್ಜ. ಕುರಿಯ ಹಿಂದೆ ನಡೆಯುತ್ತ ಕಟ್ಟಿ, ರೇಡಿಯೊದಲ್ಲಿ ಹಾಡಿ ತಮ್ಮನಿಗೆ ಕಲಿಸುತ್ತಿದ್ದರು. ಲಾರಿಯವರ ಕಿವಿಗೆ ಬೀಳಬಾರದೆಂದೇ ತಂತಿ ಕತ್ತರಿಸಿದ್ದು.

ಆ ವರ್ಷ ಬೀಳಗಿ ಕಡೆಯ ಒಂದು ಮೇಳ ನಮ್ಮ ಗುಡಿಗೆ ಹಾಡಲು ಬಂತು. ನಿಮ್ಮಜ್ಜ ಹೊಸ ಸವಾಲು ಎತ್ತಿಕೊಂಡರು. ಕಡೆಯ ಸಾಲು ಮುಗಿಯುವ ಮೊದಲೇ ಎದುರಿನ ಹಾಡುಗಾರ ಡೊಳ್ಳಿಗೆ ಪೆಟ್ಟು ಹಾಕಿ ಜವಾಬು ಶುರು ಮಾಡಿದ. ತಡವರಿಸಲೇ ಇಲ್ಲ, ಸವಾಲು ಮೊದಲೇ ಗೊತ್ತಿದ್ದವನ ಹಾಗೆ. ನಮ್ಮ ಮೇಳದವರೆಲ್ಲ ತಿರುಗಿ ನಿಮ್ಮಜ್ಜನ ಮುಖ ನೋಡಿದರು. ಹೆಂಗಸರ ಸಾಲಿನಲ್ಲಿ ನಾನು ಸೆರಗು ಇನ್ನಷ್ಟು ಕೆಳಗೆ ಎಳೆದುಕೊಂಡೆ.

ಮೇಳದ ಹಿರಿಯರು ಡೊಳ್ಳು ಇಸಿದುಕೊಂಡು ಗುಡಿಯ ಗೂಟಕ್ಕೆ ತೂಗುಹಾಕಿದರು. "ಖರೆ ಏನಂತ ತಿಳಿಯೂತನಕ ನೀ ಇದನ್ನ ಮುಟ್ಟಬ್ಯಾಡಪಾ," ಅಂದರಂತೆ. ಮರುದಿನ ನಳದ ಹತ್ತಿರ ಒಬ್ಬಾಕೆ ಕೊಡ ತುಂಬುತ್ತ, "ಯಕ್ಕಾ, ನಿಮ್ಮ ಮನಿ ಪೆಟ್ಟಿಗಿ ಊರೂರಿಗೆ ಹಾಡ ಹಂಚತೈತಂತಲ್ಲ, ನಮಗೂ ಒಂದ ಕೊಡ್ರಿ," ಅಂದಳು. ಎಲ್ಲರೂ ನಕ್ಕರು. ನಾನು ಅರ್ಧ ತುಂಬಿದ ಕೊಡ ಹೊತ್ತುಕೊಂಡು ಬಂದೆ.

ನಿಮ್ಮಜ್ಜ ಪೆಟ್ಟಿಗೆಯ ಮೇಲೆ ಟವೆಲು ಹೊಚ್ಚಿ, ಅಣ್ಣನನ್ನು ಕರೆಯುವುದನ್ನೇ ಬಿಟ್ಟರು. ಡೊಳ್ಳಿಲ್ಲದೆ ಅವರ ಬೆರಳು ಊಟದ ತಾಟಿನ ಅಂಚಿನ ಮೇಲೆ ಆಡುತ್ತಿದ್ದವು. ಆ ಬೆರಳು ನೋಡಿದರೆ ಪಾಪ ಅನಿಸುತ್ತಿತ್ತು. ಹಾಗಂತ ನಂಬಿಕೆಯೂ ಬರುತ್ತಿರಲಿಲ್ಲ. ಮೇಲಿನ ಚಾನಲ್ಲಿನಲ್ಲಿ ಅಣ್ಣನಲ್ಲದೆ ಮತ್ತೊಬ್ಬರು ಇದ್ದೇ ಇದ್ದಾರೆ, ಅವರಿಗೆ ಇವರೇ ಹಾಡಿ ತೋರಿಸಿದ್ದಾರೆ ಅಂತ ನನ್ನ ಮನಸ್ಸು ಹೇಳುತ್ತಿತ್ತು.

ಒಂದು ಮಧ್ಯಾಹ್ನ ಅವರು ಗ್ಯಾರೇಜಿಗೆ ಹೋದಾಗ ಟವೆಲು ತೆಗೆದು ಪೆಟ್ಟಿಗೆ ಹಚ್ಚಿದೆ. ಸ್ವಿಚ್ಚು ಕೆಳಗೇ ಇತ್ತು. ಭರ್ರ್ ಅನ್ನುವ ಸದ್ದಿನೊಳಗಿಂದ "ತಮ್ಮಾ, ತಮ್ಮಾ, ಅದೀಯೇನೋ?" ಅಂತ ಭಾವಾರ, ಅಂದರೆ ನಿಮ್ಮ ದೊಡ್ಡಜ್ಜನ, ದನಿ ಬಂತು.

ನೀವು ಈಗಿನವರು, ನಿಮಗೆ ಇದು ವಿಚಿತ್ರ ಅನಿಸೀತು. ಮದುವೆಯಾಗಿ ಬಂದಾಗಿನಿಂದ ನಾನು ಭಾವಾರ ಎದುರು ನಿಂತು ಮಾತಾಡಿದವಳಲ್ಲ. ಅವರು ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುವುದು, ಹೇಳುವುದಿದ್ದರೆ ಇನ್ನೊಬ್ಬರ ಕೈಯಲ್ಲಿ ಹೇಳಿಸುವುದು. ಆವತ್ತೂ ಕೈ ತಾನೇ ಸೆರಗಿಗೆ ಹೋಯಿತು. ಆಮೇಲೆ ಗುಂಡಿ ಒತ್ತಿದೆ.

"ಅವರು ಇಲ್ರಿ. ನಾನು."

"ಯಾಕ ಯವ್ವಾ, ತಮ್ಮ ಆರಾಮ ಅದಾನಿಲ್ಲ?"

ಡೊಳ್ಳು ಕಸಿದದ್ದನ್ನೂ, ಜವಾಬು ಕೊಟ್ಟವನು ಯಾವೂರಿನ ಯಾರೆಂಬುದನ್ನೂ ಹೇಳಿದೆ. "ಈ ಚಾನಲಿನ್ಯಾಗ ನೀವಿಬ್ಬರ ಇರತೀರೋ, ಮತ್ತ ಯಾರರ ಇರತಾರೋ?" ಅಂತ ಕೇಳಿಯೇ ಬಿಟ್ಟೆ.

"ಇಲ್ಲಿ ಮತ್ತ ಯಾರೂ ಇಲ್ಲ. ಆದ್ರ..." ಕುರಿಗಳ ಸದ್ದು ಕೇಳಿತು. "ಹಾಡ ಹೊಲದಾಗಿಂದ ಹೋಗಿರಬೇಕ ಯವ್ವಾ."

ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕಾಗಿ ಕುರಿಗಳನ್ನು ತಮ್ಮ ಹೊಲದಲ್ಲಿ ತರುಬಿಸಿಕೊಳ್ಳುತ್ತಾರೆ, ಅಂದರೆ ರಾತ್ರಿ ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ, ಕುರಿಯವರಿಗೆ ಜೋಳ, ಊಟ ಕೊಡುತ್ತಾರೆ. ಭಾವಾರು ಕುರಿ ತರುಬಿದ್ದು ಆ ಎದುರಿನ ಹಾಡುಗಾರನ ಹೊಲದಲ್ಲೇ. ಕುರಿಗಳ ಗದ್ದಲದಲ್ಲಿ ಕೇಳಲೆಂದು ಪೆಟ್ಟಿಗೆಯ ಸದ್ದನ್ನು ಪೂರ್ತಿ ಏರಿಸಿ, ಬದುವಿನ ಮೇಲೆ ಕೂತು ತಮ್ಮನಿಗೆ ಪದ ಕಲಿಸಿದ್ದಾರೆ. ಊಟ ತಂದ ಆ ಹಾಡುಗಾರ ಕೇಳಿಸಿಕೊಂಡು, ಇನ್ನೊಮ್ಮೆ ಹಾಡು ಅಂದಿದ್ದಾನೆ.

"ಅವರ ಹೊಲದಾಗ ಉಂಡೀನಿ. ಹಾಡಂದ್ರ ಒಲ್ಲೆ ಅನ್ನಾಕ ಹೆಂಗ ಬರತೈತಿ?"

"ಅಂವ ಆ ಮೇಳದಾಂವ ಅಂತ ಗೊತ್ತಿರಲಿಲ್ಲೇನ್ರಿ?"

"ನಾ ಕೇಳಲಿಲ್ಲ ಯವ್ವಾ," ಅಂದರು. ಆ ಮಾತು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಪದ ಕಟ್ಟಿದವರಿಗೆ ಕೇಳುವವರು ಸಿಕ್ಕರೆ, ಅವರು ಯಾರೆಂದು ವಿಚಾರಿಸುವ ಮನಸ್ಸು ಇರುವುದಿಲ್ಲವೇನೋ.

ಪೆಟ್ಟಿಗೆ ಆರಿಸುವಾಗ ಹೆದರಿಕೆಯಲ್ಲಿ ಸ್ವಿಚ್ಚನ್ನು ಮೇಲೆ ಮಾಡಿದೆ. ಕಾನೂನಿನ ಕಡೆ ಇರಲಿ ಅಂತ.

ಮುಂದಿನ ಸೋಮವಾರ ಭಾವಾರು ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ ನೇರ ಗುಡಿಗೆ ಬಂದು, ಮೇಳದವರೆದುರು ಇದನ್ನೇ ಹೇಳಿದರು. ಹಿರಿಯರು "ತಮ್ಮ ತಂತಿ ಕತ್ತರಿಸಿ ಮುಚ್ಚಿಟ್ಟ, ಅಣ್ಣ ಹೊಲದಾಗ ಡಂಗುರ ಹೊಡದ. ಎಂಥಾ ಜೋಡಿನೋ ನಿಮ್ಮದು!" ಅಂದು, ಡೊಳ್ಳನ್ನು ಗೂಟದಿಂದ ಇಳಿಸಿ ನಿಮ್ಮಜ್ಜನ ಕೊರಳಿಗೆ ತಾವೇ ಹಾಕಿದರಂತೆ.

ಆವತ್ತು ಮನೆಗೆ ಬಂದವರೇ ಪೆಟ್ಟಿಗೆಯ ಟವೆಲು ತೆಗೆದರು. ಹಿಂದೆ ಕೈಯಾಡಿಸಿ ನಿಂತುಬಿಟ್ಟರು.

"ಈ ಸ್ವಿಚ್ಚ ಕೆಳಗಿತ್ತು, ಈಗ ಮ್ಯಾಲೈತಿ. ಅಣ್ಣಗ ಸುದ್ದಿ ಮುಟ್ಟಿಸಿದಾಕಿ ನೀನೇನು?"

ನಾನು ಒಲೆಯ ಕಡೆ ನೋಡುತ್ತ ಹೂಂ ಅಂದೆ.

"ಅಂದ್ರ ನಿನಗೂ ನನ್ನ ಮ್ಯಾಲೆ ಸಂಶಯ ಇತ್ತು."

"ಇತ್ತು," ಅಂದೆ.

ಅವರು ಕಟ್ಟೆಯ ಮೇಲೆ ಕೂತು ಸ್ವಿಚ್ಚು ಕಿತ್ತು, ಕತ್ತರಿಸಿದ್ದ ತಂತಿಯ ಎರಡು ತುದಿಗಳನ್ನು ಕೂಡಿಸಿ ಬೆಸೆದರು. ಅಣ್ಣ ಕುರಿಗಳ ಹತ್ತಿರ ಮರಳಿದ ಮೇಲೆ, ಮಧ್ಯಾಹ್ನ ಲಾರಿಯವರ ಬೈಗುಳದ ನಡುವೆಯೇ ಅವರನ್ನು ಕರೆದರು. ಬಾಗಿಲು ತೆರೆದೇ ಇತ್ತು.